ಅಧಿಕಮಾಸದ ಉಳಿತಾಯ

ಎರಡು ಸಾವಿರದ ಒಂದನೆಯ ಇಸವಿಯ ದೀಪಾವಳಿಯ ನಂತರ ಇಂದೂಬಾಯಿ ಯಾರ ಜೊತೆಗೂ ಅಂಗಡಿಗೆ ಹೋಗಲಿಲ್ಲ. ಅದಕ್ಕೆ ಮೊದಲು ಕಲಬುರಗಿಯ ಬ್ರಹ್ಮಪುರದ ಆ ಓಣಿಯಲ್ಲಿ ಅವಳನ್ನು ಕೇಳದೆ ಯಾರೂ ಒಂದು ಇಸ್ತ್ರಿಪೆಟ್ಟಿಗೆಯನ್ನೂ ಕೊಳ್ಳುತ್ತಿರಲಿಲ್ಲ. ಮಗಳ ಮದುವೆಗೆ ಮಿಕ್ಸರ್ ಬೇಕಾದವರು, ಹಳೆಯ ರೇಡಿಯೋ ಕೊಟ್ಟು ಟೇಪ್‌ರೆಕಾರ್ಡರ್ ತರಬೇಕೆಂದವರು, ಫ್ರಿಜ್ಜಿನ ಆಸೆ ಇದ್ದು ಧೈರ್ಯ ಇಲ್ಲದವರು, ಎಲ್ಲರೂ ಅವಳು ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದರು. ಈಗಲೇ ಕೊಳ್ಳುವುದೋ, ಕಾಯುವುದೋ ಎಂಬುದೊಂದೇ ಪ್ರಶ್ನೆ. ಇಂದೂಬಾಯಿ ಗೋಡೆಯ ಮೊಳೆಯಿಂದ ಪಂಚಾಂಗ ಇಳಿಸಿ, ಎರಡು ಪುಟ ತಿರುವಿ, ಸಾಮಾನ್ಯವಾಗಿ ಒಂದೇ ಉತ್ತರ ಕೊಡುತ್ತಿದ್ದಳು. ಕಾಯ್ರಿ. ಅವಳ ಮಾತು ಕೇಳಿ ಕಾದವರು ಯಾರೂ ನಷ್ಟಪಟ್ಟಿರಲಿಲ್ಲ. ಕನಿಷ್ಠ ಹಾಗೆಂದು ಎಲ್ಲರೂ ತಿಳಿದಿದ್ದರು.

ಈ ವಿದ್ಯೆ ಅವಳಿಗೆ ಬಂದದ್ದು ನೌಕರಿಯಿಂದ. ಎಂಬತ್ತರ ದಶಕದ ಆರಂಭದಲ್ಲಿ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದಳು. ಮನೆಯಲ್ಲಿ ಕನ್ನಡ, ತವರಿನವರ ಜೊತೆ ಮರಾಠಿ, ಓಣಿಯ ಆಚೆ ಉರ್ದು, ಮೂರೂ ಬರುತ್ತಿದ್ದುದರಿಂದ ಅವಳನ್ನು ಟ್ರಂಕ್ ಕಾಲ್ ಬೋರ್ಡಿಗೆ ಕೂಡಿಸಿದ್ದರು. ಹೈದರಾಬಾದಿಗೂ ಸೋಲಾಪುರಕ್ಕೂ ಲೈನು ಕೂಡಿಸಿ, ಮಾತು ಕೇಳಿಸುತ್ತದೋ ಇಲ್ಲವೋ ನೋಡಲು ಒಂದು ಗಳಿಗೆ ಕಿವಿ ಇಡಬೇಕು. ಆ ಗಳಿಗೆಯಲ್ಲಿ ವ್ಯಾಪಾರಿಗಳು ಮಾಲು, ದರ, ಹಬ್ಬ ಎಂದು ಮಾತಾಡುತ್ತಿದ್ದುದು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಹೀಗೆ ಕೇಳಿ ಕೇಳಿ ಅವಳಿಗೆ ತಿಳಿದದ್ದು ಇಷ್ಟು: ಹಬ್ಬಕ್ಕೆ ದರ ಇಳಿಸಿದ್ದೇವೆಂದು ಅಂಗಡಿಯವರು ಬೋರ್ಡು ಬರೆಯುತ್ತಾರೆ, ಆದರೆ ನಿಜವಾಗಿ ದರ ಇಳಿಯುವುದು ಯಾರೂ ಕೊಳ್ಳದ ಹೊತ್ತಿನಲ್ಲಿ.

ಅವಳ ಕಡೆಯ ಮಂದಿಗೆ ವರ್ಷದಲ್ಲಿ ಮೂರೂವರೆ ಮುಹೂರ್ತ. ಯುಗಾದಿ, ಅಕ್ಷಯ ತೃತೀಯಾ, ವಿಜಯದಶಮಿ, ಮತ್ತು ಅರ್ಧ ಮುಹೂರ್ತವೆಂದು ದೀಪಾವಳಿಯ ಪಾಡ್ಯ. ಬೆಲೆಯುಳ್ಳ ವಸ್ತು ಮನೆಗೆ ಬರಬೇಕಾದರೆ ಈ ದಿನಗಳಲ್ಲೇ, ತಪ್ಪಿದರೆ ಚೌತಿಯಂಥ ಹಬ್ಬದ ದಿನ. ಚೌತಿ ಮುಗಿದು ಪಿತೃಪಕ್ಷ ಹತ್ತಿತೋ, ಹೊಸದೇನೂ ಹೊಸ್ತಿಲು ದಾಟುವಂತಿಲ್ಲ. ಆ ಹದಿನೈದು ದಿನ ಸೂಪರ್ ಮಾರ್ಕೆಟ್ಟಿನ ಹತ್ತಿರದ ಜಹೀರುದ್ದೀನನ ಎಲೆಕ್ಟ್ರಾನಿಕ್ಸ್ ಅಂಗಡಿ ಬಿಕೋ ಎನ್ನುತ್ತಿತ್ತು. ನಿಮ್ಮ ಹಿರಿಯರಿಗೆ ನೀವು ವಡೆ-ಪಾಯಸ ಹಾಕುತ್ತೀರಿ, ಅವರು ನನ್ನನ್ನು ಉಪವಾಸ ಕೆಡವುತ್ತಾರೆ ಎಂದು ಅವನು ಇಂದೂಬಾಯಿಯ ಮುಂದೆ ಹಲುಬುತ್ತಿದ್ದ. ಇಂದೂಬಾಯಿ ಹುಡುಕಿದ ದಾರಿ ಸರಳವಾಗಿತ್ತು. ಪಕ್ಷದಲ್ಲಿ ಹೋಗಿ, ಖಾಲಿ ಅಂಗಡಿಯಲ್ಲಿ ಜಗ್ಗಾಡಿ ದರ ಇಳಿಸಿ, ಬಯಾನಾ ಕೊಟ್ಟು ಬರುವುದು. ವಸ್ತು ಎತ್ತುವುದು ವಿಜಯದಶಮಿಗೆ. ಮುಂಗಡ ಕೊಟ್ಟ ಮಾತ್ರಕ್ಕೆ ಕೊಂಡಂತೆ ಆಗುವುದಿಲ್ಲ, ಹೊಸ್ತಿಲು ದಾಟಿದಾಗಲೇ ಕೊಂಡಂತೆ ಎಂಬ ಶಾಸ್ತ್ರವನ್ನು ಅವಳೇ ಕಟ್ಟಿದಳು. ಓಣಿಯ ಆಚಾರ್ಯರು ನಕ್ಕು ಒಪ್ಪಿಕೊಂಡರು, ಮುಂದಿನ ವರ್ಷ ತಮಗೂ ಒಂದು ಗೀಸರಿಗೆ ಬಯಾನಾ ಕೊಡಿಸಿಕೊಂಡರು.

ಹೀಗೆ ಇಂದೂಬಾಯಿಯ ಮನೆಗೆ ಮಿಕ್ಸರ್ ಬಂತು, ಬಣ್ಣದ ಟಿ.ವಿ. ಬಂತು, ಫ್ರಿಜ್ ಬಂತು. ಪ್ರತಿಯೊಂದೂ ನೆರೆಮನೆಗಿಂತ ತಡವಾಗಿ, ನೆರೆಮನೆಗಿಂತ ಅಗ್ಗವಾಗಿ. ಅವಳ ಗಂಡ ವೆಂಕಟೇಶ ಕೋರ್ಟಿನಲ್ಲಿ ಗುಮಾಸ್ತ, ಮಿತಭಾಷಿ. ಹೆಂಡತಿಯ ಜಾಣತನದ ಬಗ್ಗೆ ಮಾತ್ರ ಬಂದವರ ಮುಂದೆಲ್ಲ ಹೇಳುತ್ತಿದ್ದ. ಮಿಕ್ಸರಿಗೆ ಎರಡು ದಸರೆ ಕಾದು ಎಷ್ಟು ಉಳಿಸಿದೆವು ಎಂಬುದು ಅವನಿಗೆ ಬಾಯಿಪಾಠ. ಆ ಎರಡು ದಸರೆಯ ನಡುವೆ ಒರಳಿನಲ್ಲಿ ರುಬ್ಬಿದವರು ಯಾರು ಎಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ರುಬ್ಬಿದವಳು ಸಕ್ಕೂಬಾಯಿ. ವೆಂಕಟೇಶನ ಅಕ್ಕ. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಮಕ್ಕಳಿಲ್ಲದೆ ತವರಿಗೆ ಬಂದವಳು. ತವರೆಂದರೆ ಇಬ್ಬರು ತಮ್ಮಂದಿರು: ಕಮಲಾಪುರದಲ್ಲಿ ಹೊಲ, ಮನೆ ನೋಡಿಕೊಂಡಿದ್ದ ವಿಠ್ಠಲ, ಕಲಬುರಗಿಯಲ್ಲಿ ವೆಂಕಟೇಶ. ಇಂದೂಬಾಯಿಗೆ ನೌಕರಿ ಸಿಕ್ಕಾಗ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ಸಕ್ಕೂಬಾಯಿಯನ್ನು ಕಮಲಾಪುರದಿಂದ ಕರೆಸಿಕೊಂಡರು. ಬಂದವಳು ಇಲ್ಲಿಯೇ ಉಳಿದಳು. ಇಂದೂಬಾಯಿ ಅವಳನ್ನು ಮರಾಠಿ ರೂಢಿಯಂತೆ 'ವನ್ಸ' ಎಂದು ಕರೆಯುತ್ತಿದ್ದಳು. ಗಂಡನ ಅಕ್ಕನಿಗೆ ಆ ಕಡೆ ಹಾಗೆನ್ನುತ್ತಾರೆ.

ಸಕ್ಕೂಬಾಯಿಯ ದಿನ ಬಾವಿಯ ನೀರಿನಿಂದ ಶುರುವಾಗುತ್ತಿತ್ತು. ಮೊದಲು ಮಡಿಯ ಸೀರೆ-ಪಂಚೆ ಒಗೆದು, ಯಾರೂ ಮುಟ್ಟದ ಹಾಗೆ ಮೇಲಿನ ಗಳಕ್ಕೆ ಕೋಲಿನಿಂದ ಹರವಬೇಕು. ಆಮೇಲೆ ಅಡಿಗೆ, ದೇವರ ನೈವೇದ್ಯ, ಊಟದ ಡಬ್ಬಿಗಳು. ಅವರೆಲ್ಲ ಹೋದ ಮೇಲೆ ಮೈಲಿಗೆಯ ರಾಶಿ: ವೆಂಕಟೇಶನ ಬಿಳಿ ಅಂಗಿಗಳು, ಇಂದೂಬಾಯಿಯ ಸೀರೆಗಳು, ಮಗಳ ಯೂನಿಫಾರ್ಮು, ಹಾಸಿಗೆಯ ಚಾದರಗಳು. ಬಚ್ಚಲಿನ ಕಲ್ಲಿನ ಮುಂದೆ ಕೂತರೆ ಮಧ್ಯಾಹ್ನವಾಗುತ್ತಿತ್ತು. ಇಂದೂಬಾಯಿ ಒಳ್ಳೆಯವಳು. ವರ್ಷಕ್ಕೆರಡು ಸೀರೆ ಕೊಡಿಸುತ್ತಿದ್ದಳು, ಎದುರಾಡುತ್ತಿರಲಿಲ್ಲ, ವನ್ಸ ಇರದಿದ್ದರೆ ನನ್ನ ನೌಕರಿ ಎಲ್ಲಿತ್ತು ಎಂದು ಬಾಯಿಬಿಟ್ಟು ಹೇಳುತ್ತಿದ್ದಳು. ಅದು ನಿಜವೂ ಆಗಿತ್ತು. ಆದರೆ ಹಾಗೆ ಹೇಳಿ ಮುಗಿಸಿದ ಮೇಲೆ ಬಕೆಟ್ಟು ಅಲ್ಲಿಯೇ ಇರುತ್ತಿತ್ತು.

ಮಧ್ಯಾಹ್ನದ ಒಂದೆರಡು ತಾಸು ಮಾತ್ರ ಸಕ್ಕೂಬಾಯಿಯದು. ಆಗ ಅವಳು ಹತ್ತಿ ಹಿಡಿದು ಕೂಡುತ್ತಿದ್ದಳು. ಕಮಲಾಪುರದ ಹೊಲದ ಬದುವಿಗೆ ಬೆಳೆದ ಹತ್ತಿಯನ್ನು ವಿಠ್ಠಲ ಕಾಯಿಸಮೇತ ಕಳಿಸುತ್ತಿದ್ದ. ಗಿರಣಿಯ ಅರಳೆ ಮಡಿಗೆ ಬರುವುದಿಲ್ಲ. ಸಕ್ಕೂಬಾಯಿ ಕೈಯಿಂದಲೇ ಬೀಜ ಬಿಡಿಸಿ, ಹಿಂಜಿ, ಹೂಬತ್ತಿ ಹೊಸೆಯುತ್ತಿದ್ದಳು, ದೇವರಿಗೆ ಏರಿಸುವ ಗೆಜ್ಜೆವಸ್ತ್ರ ಮಾಡುತ್ತಿದ್ದಳು. ಅವಳ ಬತ್ತಿ ಕೊನೆಯ ಎಳೆಯವರೆಗೂ ಒಂದೇ ಸಮ ಉರಿಯುತ್ತದೆ ಎಂದು ಹೆಸರಿತ್ತು. ಓಣಿಯ ಹೆಂಗಸರು ತಮಗೆ ತಿಳಿದಷ್ಟು ಕೊಟ್ಟು ಒಯ್ಯುತ್ತಿದ್ದರು. ಅದು ಅಕ್ಕಿಯ ಡಬ್ಬಿಯ ಹಿಂದಿನ ಇನ್ನೊಂದು ಡಬ್ಬಿಗೆ ಹೋಗುತ್ತಿತ್ತು. ಆ ಮನೆಯಲ್ಲಿ ಅವಳದೆನ್ನುವ ರೊಕ್ಕ ಅದೊಂದೇ.

ಅದು ಯಾತಕ್ಕೆಂದು ಇಂದೂಬಾಯಿಗೆ ಗೊತ್ತಿತ್ತು. ಸಕ್ಕೂಬಾಯಿ ಪಂಢರಪುರಕ್ಕೆ ಹಲವು ಸಲ ಹೋಗಿದ್ದಳು, ಪ್ರತಿ ಸಲವೂ ಯಾರದೋ ಕುಟುಂಬದ ಅಡಿಗೆಗೆಂದು. ಮಡಿ ಅಡಿಗೆಯವರು ಬೇಕಾದಾಗ ಅವಳನ್ನು ಗಾಡಿಯಲ್ಲಿ ಹತ್ತಿಸಿಕೊಳ್ಳುತ್ತಿದ್ದರು. ಅವರು ಚಂದ್ರಭಾಗೆಯಲ್ಲಿ ಮಿಂದು ಸಾಲಿನಲ್ಲಿ ನಿಂತಾಗ ಇವಳು ಧರ್ಮಶಾಲೆಯಲ್ಲಿ ಒಲೆ ಹೊತ್ತಿಸುತ್ತಿದ್ದಳು. ವಿಠೋಬನ ಪಾದಕ್ಕೆ ಹಣೆ ಮುಟ್ಟಿಸುವುದು ಯಾವಾಗಲೂ ಅವಸರದಲ್ಲಿ, ಅನ್ನ ಸೀದೀತು ಎಂಬ ಧ್ಯಾನದಲ್ಲಿ.

"ಒಂದು ಸಲ ಸೌಟು ಹಿಡೀಲಾರ್ದ ಹೋಗಿ ಬರಬೇಕು ನೋಡು ಇಂದೂ," ಎಂದಿದ್ದಳು. "ನನ್ನ ತಿಕೀಟು ನಾ ತಗೊಂಡು. ಯಾರ ಜೋಡಿನೂ ಅಲ್ಲ."

ಎರಡು ಸಾವಿರದ ಒಂದರಲ್ಲಿ ಅದು ಕೈಗೂಡುವಂತಿತ್ತು. ಆಶ್ವಿನ ಅಧಿಕಮಾಸವಾಗಿ ಬಂದಿತ್ತು. ಮೂರು ವರ್ಷಕ್ಕೊಮ್ಮೆ ಬರುವ ಆ ಹೆಚ್ಚಿನ ತಿಂಗಳಲ್ಲಿ ದೀಪ, ದಾನ, ವ್ರತಗಳಿಗೆ ದುಪ್ಪಟ್ಟು ಪುಣ್ಯವೆನ್ನುತ್ತಾರೆ. ಓಣಿಯ ದೊಡ್ಡ ಮನೆಯ ಜಾನಕೀಬಾಯಿಯವರು ಲಕ್ಷ ಬತ್ತಿ ಹಚ್ಚುವ ವ್ರತ ಹಿಡಿದು, ಬತ್ತಿಯೆಲ್ಲ ಸಕ್ಕೂಬಾಯಿಯೇ ಹೊಸೆದು ಕೊಡಬೇಕೆಂದು ಆಷಾಢದಲ್ಲೇ ಹೇಳಿದ್ದರು. ಇಷ್ಟು ದೊಡ್ಡ ಕೆಲಸ ಅವಳಿಗೆ ಹಿಂದೆ ಬಂದಿರಲಿಲ್ಲ. ಅದು ಮುಗಿದರೆ ಕಾರ್ತಿಕ ಏಕಾದಶಿಗೆ ಪಂಢರಪುರ, ಸೌಟಿಲ್ಲದೆ.

ಶ್ರಾವಣದ ಹೊತ್ತಿಗೆ ಸಕ್ಕೂಬಾಯಿಯ ಬೆರಳುಗಳು ಒಡೆದವು. ಹಿಂದೆಯೂ ಒಡೆಯುತ್ತಿದ್ದವು, ತುಪ್ಪ-ಅರಿಷಿಣಕ್ಕೆ ಕೂಡುತ್ತಿದ್ದವು. ಈ ಸಲ ಕೂಡಲಿಲ್ಲ. ಸಂದುಗಳಲ್ಲಿ ಚರ್ಮ ಬಿಳಿಯಾಗಿ ನೆನೆದು, ತುದಿಗಳು ಸೀಳಿದ್ದವು. ಹೊಸ ಸಾಬೂನಿನ ಪುಡಿ ಕಾರಣವೆಂದು ಡಾಕ್ಟರು ಮುಲಾಮು ಬರೆದುಕೊಟ್ಟು, ಕೈ ಒಣಗಿರಲಿ ಎಂದರು. ಕೈ ಒಣಗಿರಲಿ ಎಂದರೆ ಏನೆಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಒಡೆದ ಬೆರಳಿಗೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಹೊಸೆಯುವಾಗ ಬತ್ತಿ ಜಾರಬೇಕು, ಇಲ್ಲಿ ತೊಡರುತ್ತಿತ್ತು.

ಒಂದು ದಿನ ಇಂದೂಬಾಯಿ ತಲೆ ಬಾಚಿಕೊಳ್ಳುವಾಗ ಸಕ್ಕೂಬಾಯಿ ಬಾಗಿಲಿಗೆ ಬಂದು ನಿಂತಳು.

"ಆ ಬಟ್ಟಿ ಒಗಿಯೋ ಮಿಶನ್ನು ಭಾಳ ತುಟ್ಟಿ ಏನು?"

ಇಷ್ಟು ವರ್ಷಗಳಲ್ಲಿ ಅವಳು ತನಗಾಗಿ ಕೇಳಿದ ಮೊದಲ ವಸ್ತು ಅದು. ಮಡಿಯ ಬಟ್ಟೆ ಅದರಲ್ಲಿ ಹಾಕುವುದಿಲ್ಲ, ಅದನ್ನು ಕೈಯಲ್ಲೇ ಒಗೆಯುತ್ತೇನೆ, ಉಳಿದ ರಾಶಿಯೊಂದು ತಪ್ಪಿದರೆ ಬೆರಳು ಕೂಡಿಕೊಂಡಾವು ಎಂದು ಅವಳೇ ರಿಯಾಯಿತಿಯನ್ನೂ ಕೊಟ್ಟಳು. ಇಂದೂಬಾಯಿಗೆ ಸಂತೋಷವೇ ಆಯಿತು. ಅದೇ ಸಂಜೆ ಜಹೀರುದ್ದೀನನ ಅಂಗಡಿಗೆ ಹೋದಳು.

ಬಟ್ಟೆ ತಿರುವುವ ಒಂದು ತೊಟ್ಟಿ, ಹಿಂಡುವ ಇನ್ನೊಂದು ತೊಟ್ಟಿ, ನಡುವೆ ಕೈಯಿಂದ ಎತ್ತಿ ಹಾಕುವ ಯಂತ್ರ. ಚೌತಿಯ ದರವೆಂದು ಜಹೀರುದ್ದೀನ ಹೇಳಿದ್ದು ಅಂಥ ಹೆಚ್ಚೇನೂ ಇರಲಿಲ್ಲ. ಚೌತಿಯ ದಿನವೇ ಮನೆಗೆ ತರಬಹುದಿತ್ತು. ಇಂದೂಬಾಯಿ ತೊಟ್ಟಿಯ ಮುಚ್ಚಳ ತೆಗೆದು ನೋಡಿದಳು, ಗುಂಡಿ ತಿರುವಿದಳು, ಆಮೇಲೆ ಅಭ್ಯಾಸಬಲದಿಂದ ಅವನ ಕ್ಯಾಲೆಂಡರಿನ ಕಡೆ ಕಣ್ಣು ಹಾಕಿದಳು. ಅವಳ ಕಣ್ಣು ಎಲ್ಲಿ ಹೋಯಿತೆಂದು ಜಹೀರುದ್ದೀನನಿಗೆ ತಿಳಿಯಿತು.

"ಈ ಸಲ ನಿಮ್ಮ ಪಂಚಾಂಗ ನನ್ನ ಮ್ಯಾಲೆ ಸಿಟ್ಟಿಗೆದ್ದದ ಬಾಯಿಸಾಹೇಬ್," ಎಂದ. "ಪಕ್ಷ ಮುಗೀತು ಅಂದ್ರ ಅದರ ಬೆನ್ನಿಗೆ ಧೋಂಡೆ ಮಹಿನಾ. ಅಲ್ಲೀತನಕ ದುಕಾನದಾಗ ನಾನು, ನನ್ನ ನೊಣ, ಇಬ್ಬರ."

ಧೋಂಡೆ ಮಹಿನಾ ಎಂದರೆ ಅಧಿಕಮಾಸವೇ. ಆ ತಿಂಗಳೂ ಅವಳ ಕಡೆಯವರು ದೊಡ್ಡ ಸಾಮಾನು ಕೊಳ್ಳುವುದಿಲ್ಲ, ಮದುವೆ-ಮುಂಜಿ ಇರುವುದಿಲ್ಲ. ಪ್ರತಿ ವರ್ಷ ಚೌತಿಯಿಂದ ದಸರೆಗೆ ಒಂದು ತಿಂಗಳ ದಾರಿ. ಈ ವರ್ಷ ಎರಡು. ಹದಿನೈದು ದಿನದ ಪಕ್ಷಕ್ಕೇ ಅಷ್ಟು ಇಳಿಯುವ ದರ, ಮೇಲೊಂದು ತಿಂಗಳು ಅಂಗಡಿ ಖಾಲಿ ಕೂತರೆ ಎಷ್ಟು ಇಳಿಯಬಹುದು? ಇಂಥ ವರ್ಷ ಅವಳ ಲೆಕ್ಕಕ್ಕೆ ಹಿಂದೆಂದೂ ಸಿಕ್ಕಿರಲಿಲ್ಲ. ಅವಳು ಅವನನ್ನೇ ಕೇಳಿದಳು. ಜಹೀರುದ್ದೀನ ಅವಳ ಮುಂದೆ ಸುಳ್ಳು ಹೇಳುವವನಲ್ಲ.

"ಇಳೀತದ. ಕಂಪನಿಯವ್ರು ಮಾಲು ಖಾಲಿ ಮಾಡಂತ ಬೆನ್ನು ಹತ್ಯಾರ. ಆದ್ರ ಬಾಯಿಸಾಹೇಬ್, ಜರೂರತ್ ಅದ ಅಂತ ಬಂದೀರಿ. ಜರೂರತ್ ಇದ್ದಾಗ ಒಯ್ಯೋದು ಛಲೋ."

ವ್ಯಾಪಾರಿಯ ಬಾಯಿಂದ ಬಂದದ್ದರಿಂದ ಇಂದೂಬಾಯಿ ಅದನ್ನು ವ್ಯಾಪಾರದ ಮಾತೆಂದೇ ತಿಳಿದಳು. ನಕ್ಕು ಬಂದಳು.

ಮನೆಗೆ ಬಂದು ಎಲ್ಲವನ್ನೂ ವಿವರಿಸಿದಳು. ವೆಂಕಟೇಶನಿಗೆ ಲೆಕ್ಕ ಹಿಡಿಸಿತು. ಸಕ್ಕೂಬಾಯಿ ಬಟ್ಟಲಲ್ಲಿ ಬೆಚ್ಚನೆಯ ತುಪ್ಪ ಇಟ್ಟುಕೊಂಡು ಒಂದೊಂದೇ ಬೆರಳು ಅದ್ದುತ್ತಿದ್ದಳು. ಇಂದೂಬಾಯಿಯ ಮನಸ್ಸಿಗೆ ಚುಚ್ಚಿತು. ದಸರೆಯವರೆಗೆ ಮೈಲಿಗೆ ಬಟ್ಟೆಗೆ ಭೀಮಬಾಯಿಯನ್ನು ಹಚ್ಚೋಣವೇ ಎಂದಳು. ಭೀಮಬಾಯಿ ಆ ಓಣಿಯ ಮೂರು ಮನೆಗಳಲ್ಲಿ ಬಟ್ಟೆ ಒಗೆಯುತ್ತಿದ್ದಳು. ವೆಂಕಟೇಶ ಎರಡು ತಿಂಗಳ ಭೀಮಬಾಯಿಯ ಪಗಾರವನ್ನು ಮನಸ್ಸಿನಲ್ಲೇ ಕೂಡಿಸಿ ಹೇಳಿದ:

"ಕಾದು ಉಳಸೋದು ಆಕೀಗೇ ಹೋಗ್ತದಲ್ಲ. ಮತ್ತ ಕಾಯೋದು ಯಾತಕ್ಕ?"

ಅವನು ಹೇಳಿದ್ದು ಸರಿಯಾಗಿತ್ತು. ಆ ಕೋಣೆಯಲ್ಲಿ ಆ ದಿನ ಆಡಿದ ಅತ್ಯಂತ ಸತ್ಯವಾದ ಮಾತು ಅದೇ. ಭೀಮಬಾಯಿಯ ಕೈಗೆ ದರವಿತ್ತು, ಆ ದರ ಹಿಡಿದು ನೋಡಿದರೆ ಕಾಯುವುದರಲ್ಲಿ ಲಾಭವಿರಲಿಲ್ಲ. ದರವಿಲ್ಲದ ಸಕ್ಕೂಬಾಯಿಯ ಕೈಯನ್ನು ಲೆಕ್ಕಕ್ಕೆ ಹಿಡಿದರೆ ಲಾಭವಿತ್ತು. ಇಂದೂಬಾಯಿ ಬಹಳ ದಿನಗಳ ನಂತರ ಈ ಮಾತನ್ನು ಹೀಗೆ ಬಿಡಿಸಿ ನೋಡಿದಳು. ಆ ದಿನ ಬರೀ ಸಕ್ಕೂಬಾಯಿಯ ಮುಖ ನೋಡಿದಳು.

"ವನ್ಸ, ದಸರಾತನಕ ತಡಕೋತೀರೇನು?"

"ಇಷ್ಟು ವರ್ಷ ಮಾಡೀನಿ. ಇನ್ನೆರಡು ತಿಂಗಳು ಏನು ಮಹಾ," ಎಂದಳು ಸಕ್ಕೂಬಾಯಿ. ಹೀಗೆ ಕೇಳಿದರೆ ಬೇರೇನು ಹೇಳಲು ಬರುತ್ತದೆ?

ಪಕ್ಷ ಬಂತು. ಮಾವನ ಶ್ರಾದ್ಧದ ದಿನ ಸಕ್ಕೂಬಾಯಿ ಒದ್ದೆ ಸೀರೆಯಲ್ಲಿ ಅಡಿಗೆ ಮಾಡಿದಳು, ಆ ಅಡಿಗೆಗೆ ಮಿಕ್ಸರ್ ನಡೆಯುವುದಿಲ್ಲವೆಂದು ಒರಳಿನಲ್ಲೇ ರುಬ್ಬಿದಳು. ದರ ಇಳಿಯಿತು. ಇಂದೂಬಾಯಿ ಬಯಾನಾ ಕೊಡಲಿಲ್ಲ, ಇನ್ನೂ ಇಳಿಯುವುದಿತ್ತು. ಅಧಿಕಮಾಸ ಹತ್ತಿತು. ಆ ವರ್ಷವೇ ಮದುವೆಯಾದ ಮಗಳು ಗಂಡನ ಜೊತೆ ಬಂದಳು. ಅಧಿಕಮಾಸದಲ್ಲಿ ಅಳಿಯನನ್ನು ಕೂಡಿಸಿ ಮೂವತ್ತಮೂರು ಅನಾರಸ ತುಂಬಿದ ತಟ್ಟೆ ಕೊಡಬೇಕು. ಅಕ್ಕಿ ನೆನೆಹಾಕಿ, ನೆರಳಲ್ಲಿ ಆರಿಸಿ, ಕುಟ್ಟಿ, ಬೆಲ್ಲದಲ್ಲಿ ಕಲಸಿ, ಬೆರಳ ತುದಿಯಿಂದ ತಟ್ಟಿ ಕರಿಯುವ ತಿನಿಸು. ತಟ್ಟಿದವಳು ಸಕ್ಕೂಬಾಯಿ. ಬಚ್ಚಲಿನ ರಾಶಿಗೆ ಅಳಿಯನ ಬಟ್ಟೆ ಕೂಡಿತು, ಅತಿಥಿಗಳ ಹಾಸಿಗೆಯ ಚಾದರ ಕೂಡಿತು. ಅವಳು ಬೆರಳಿಗೆ ಹಳೆಯ ಪಂಚೆಯ ಚಿಂದಿ ಸುತ್ತಿಕೊಂಡು ಒಗೆದಳು, ಮಧ್ಯಾಹ್ನ ಚಿಂದಿ ಬಿಚ್ಚಿ ಬತ್ತಿ ಹೊಸೆದಳು.

ಒಮ್ಮೆ ಇಂದೂಬಾಯಿ ಚಿಂದಿಯ ಮೇಲಿನ ಕೆಂಪು ಕಂಡಳು. ಅಂದು ರಾತ್ರಿಯ ಊಟಕ್ಕೆ ಕೂತಾಗ, ಹೋಗಲಿ, ನಾಳೆಯೇ ಮಿಶನ್ನು ತಂದುಬಿಡೋಣ ಎಂದಳು. ವೆಂಕಟೇಶ ಕೈಯಲ್ಲಿನ ತುತ್ತು ನಿಲ್ಲಿಸಿ ನೋಡಿದ. ಇಷ್ಟು ದಿನ ಕಾದು ಈಗ ಅಧಿಕಮಾಸದಲ್ಲಿ ತರುವುದೇ? ಅದೂ ಅಳಿಯ ಮನೆಯಲ್ಲಿರುವಾಗ? ಓಣಿಗೆಲ್ಲ ಪಂಚಾಂಗ ಓದಿ ಹೇಳುವವಳೇ ಹೀಗೆ ಮಾಡಿದರೆ ಮಂದಿ ಏನಂದಾರು? ಇಂದೂಬಾಯಿಗೆ ಮಂದಿಯ ಮಾತು ಮುಖ್ಯವಾಗಿರಲಿಲ್ಲ. ಆದರೆ ದಸರೆ ಹತ್ತಿರ ಬಂದಿತ್ತು, ದರ ಎಲ್ಲಿಗೆ ಮುಟ್ಟುತ್ತದೆ ನೋಡಬೇಕೆಂಬ ಆಸೆಯೂ ಇತ್ತು. ಅವಳು ಮತ್ತೆ ಆ ಮಾತು ತೆಗೆಯಲಿಲ್ಲ.

ಅಧಿಕಮಾಸ ಮುಗಿಯಲು ಕೆಲವೇ ದಿನ ಇರುವಾಗ ಜಾನಕೀಬಾಯಿಯವರು ಬತ್ತಿ ಒಯ್ಯಲು ಬಂದರು. ಸಕ್ಕೂಬಾಯಿ ಹಿತ್ತಾಳೆಯ ದೊಡ್ಡ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿ ತಂದಿಟ್ಟಳು. ಕಲೆ ಬಿದ್ದ ಬತ್ತಿಗಳನ್ನು ಹೊಸೆಯುವಾಗಲೇ ಆರಿಸಿ ತೆಗೆದಿದ್ದಳು. ಅವಳ ಕಣ್ಣಿಗೆ ಕಂಡಷ್ಟನ್ನು. ಜಾನಕೀಬಾಯಿಯವರು ಒಂದು ಹಿಡಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಇನ್ನೊಂದು ಹಿಡಿ ಎತ್ತಿದರು.

"ಸಕ್ಕೂಬಾಯಿ, ಕುಂಕುಮದ ಕೈ ತಾಗ್ಯದೇನ್ರಿ ಇದಕ್ಕ?"

"ನನ್ನ ಕೈಗೆ ಕುಂಕುಮ ಎಲ್ಲಿಂದ ಬರಬೇಕ್ರಿ," ಎಂದಳು ಸಕ್ಕೂಬಾಯಿ.

ಜಾನಕೀಬಾಯಿಯವರಿಗೆ ತಿಳಿಯಿತು. ಅವರು ಕೆಟ್ಟವರಲ್ಲ, ಮುಖದಲ್ಲಿ ನೋವು ಕಾಣಿಸಿತು. ಆದರೆ ರಕ್ತ ತಾಗಿದ್ದು ದೇವರಿಗೆ ಸಲ್ಲುವುದಿಲ್ಲ, ಯಾವುದಕ್ಕೆ ತಾಗಿದೆ, ಯಾವುದಕ್ಕಿಲ್ಲ ಎಂದು ಲಕ್ಷ ಬತ್ತಿ ಬಿಡಿಸಿ ನೋಡುವವರು ಯಾರು? ಒಂದು ಮೈಲಿಗೆಯಾದರೆ ಡಬ್ಬಿಯೆಲ್ಲ ಮೈಲಿಗೆ. ಇರಲಿ ಬಿಡ್ರಿ, ನಿಮ್ಮ ಕೈ ಮೊದಲು ಆರಾಮಾಗಲಿ ಎಂದು ಅವರು ಎದ್ದರು. ಮಠದ ಹತ್ತಿರದ ಅಂಗಡಿಯಿಂದ ಪಾಕೀಟಿನ ಬತ್ತಿ ತರಿಸಿ ವ್ರತ ಮುಗಿಸಿದರು. ಅವರ ಮನೆಯಲ್ಲಿ ದೀಪ ನೋಡಲು ಹೋದ ಹೆಂಗಸರು ಪಾಕೀಟಿನವೂ ಚೆನ್ನಾಗಿಯೇ ಉರಿಯುತ್ತವೆ ಎಂದು ಕಂಡುಕೊಂಡರು.

ಇಂದೂಬಾಯಿ ಡ್ಯೂಟಿಯಿಂದ ಬಂದಾಗ ಸಕ್ಕೂಬಾಯಿ ಆ ಡಬ್ಬಿಯ ಹತ್ತಿಯನ್ನು ತಲೆದಿಂಬಿಗೆ ತುಂಬುತ್ತಿದ್ದಳು. ಹೋಗಲಿ ಬಿಡು, ಅಳಿಯ ಬಂದಾಗ ದಿಂಬು ಕಡಿಮೆ ಬಿದ್ದಿದ್ದವು ಎಂದಳು. ಪಂಢರಪುರದ ತಿಕೀಟು ನಾನು ತೆಗೆಸುತ್ತೇನೆ ಎಂದು ಇಂದೂಬಾಯಿ ಅಂದೇ ಹೇಳಿದಳು. ಸಕ್ಕೂಬಾಯಿ ದಿಂಬಿನ ಬಾಯಿ ಹೊಲಿಯುತ್ತಲೇ ತಲೆ ಅಲ್ಲಾಡಿಸಿದಳು.

"ನಿನ್ನ ರೊಕ್ಕದ ಮ್ಯಾಲೆ ಹೋದ್ರ ಮತ್ತ ನಿಮ್ಮ ಮನಿಯಾಕಿ ಆಗೇ ಹೋಗ್ತೀನಿ. ಹಂಗ ಹೋಗಿ ಬಂದೀನಲ್ಲ."

ವಿಜಯದಶಮಿಯ ದಿನ ಮಿಶನ್ನು ಬಂತು. ದರ ಇಂದೂಬಾಯಿ ಅಂದುಕೊಂಡದ್ದಕ್ಕಿಂತಲೂ ಕೆಳಗಿಳಿದಿತ್ತು, ಮೇಲೊಂದು ಬಕೆಟ್ಟನ್ನು ಜಹೀರುದ್ದೀನ ಪುಕ್ಕಟೆ ಕೊಟ್ಟಿದ್ದ. ಓಣಿಯವರು ಬಂದು ನೋಡಿ, ಇಂಥ ವ್ಯಾಪಾರ ಇಂದೂಬಾಯಿಗೇ ಸಾಧ್ಯ ಎಂದರು. ಮಿಶನ್ನಿಗೆ ಕುಂಕುಮ ಹಚ್ಚಿ, ಬನ್ನಿಯ ಎಲೆ ಇಟ್ಟು, ಆರತಿ ಬೆಳಗುವಾಗ ಇಂದೂಬಾಯಿ ಅಡಿಗೆಮನೆಯ ಕಡೆ ನೋಡಿದಳು. ಶುಭಕಾರ್ಯಕ್ಕೆ ಮುಂದೆ ಬರಬಾರದೆಂದು ಸಕ್ಕೂಬಾಯಿ ಬಾಗಿಲ ಒಳಗೇ ನಿಂತು ಕತ್ತು ಚಾಚಿ ನೋಡುತ್ತಿದ್ದಳು. ಸಣ್ಣ ಹುಡುಗಿಯ ಹಾಗೆ ನೋಡುತ್ತಿದ್ದಳು. ಆರತಿಯ ತಟ್ಟೆಯಲ್ಲಿ ಉರಿಯುತ್ತಿದ್ದುದು ಪಾಕೀಟಿನ ಬತ್ತಿ.

ಕೆಲವು ದಿನ ಎಲ್ಲ ಸರಿಹೋಯಿತು. ಸಕ್ಕೂಬಾಯಿ ಮಿಶನ್ನಿನ ಮುಂದೆ ಮಣೆ ಹಾಕಿಕೊಂಡು ಕೂತು ಬಟ್ಟೆ ತಿರುಗುವುದನ್ನು ಮುಚ್ಚಳದ ಮೇಲಿನಿಂದ ನೋಡುತ್ತಿದ್ದಳು. ಬೆರಳಿನ ಸಂದುಗಳು ಒಣಗತೊಡಗಿದವು. ಡಬ್ಬಿಯಲ್ಲಿ ಹಳೆಯದು ಒಂದಿಷ್ಟಿದೆ, ಕಾರ್ತಿಕಕ್ಕೆ ಮಂದಿ ಒಂದಿಷ್ಟು ಬತ್ತಿ ಒಯ್ದರೂ ಸಾಕು, ತಿಕೀಟಿಗೆ ಆಗುತ್ತದೆ ಎಂದು ಅವಳು ಮತ್ತೆ ಲೆಕ್ಕ ಹಾಕತೊಡಗಿದ್ದಳು.

ದೀಪಾವಳಿಯ ಪಾಡ್ಯಕ್ಕೆ ಕಮಲಾಪುರದಿಂದ ವಿಠ್ಠಲ ಬಂದ. ಅವನ ಮಗಳು ಹೆರಿಗೆಗೆ ತವರಿಗೆ ಬಂದು ಕೂಸು ಹುಟ್ಟಿತ್ತು. ಹೆಂಡತಿಗೆ ಮಂಡಿನೋವು, ಕೂತರೆ ಏಳಲಾಗುವುದಿಲ್ಲ. ಊಟ ಮಾಡಿ, ಹೊಸ ಮಿಶನ್ನು ನೋಡಿ, ಮುಚ್ಚಳ ತೆಗೆದು ಹಾಕಿ ಮಾಡಿ, ಅವನು ನಿರಾಳವಾಗಿ ಹೇಳಿದ:

"ಛಲೋ ಆತು. ಇಲ್ಲಿ ಅಕ್ಕಂದೇನು ಕೆಲಸ ಉಳೀತು ಇನ್ನ? ನಾಳಿ ಕರ್ಕೊಂಡು ಹೋಗ್ತೀನಿ. ಬಾಣಂತನ ಮುಗಿಸಿ ಬರ್ಲಿ."

ವೆಂಕಟೇಶ ಹೂಂ ಎಂದ. ಅವನಿಗೆ ಅದು ಸಹಜವಾಗಿ ಕಂಡಿತು. ಸಕ್ಕೂಬಾಯಿ ಇಂದೂಬಾಯಿಯನ್ನು ನೋಡಿದಳು. ಏಕಾದಶಿಗೆ ಇನ್ನೂ ಕೆಲವು ದಿನಗಳಿದ್ದವು. ಯಾವ ಅಂಗಡಿಯಲ್ಲೂ ಸೋಲದೆ ಬಂದ ಇಂದೂಬಾಯಿಯ ನಾಲಿಗೆಯ ತುದಿಗೆ ಮಾತು ಬಂದಿತ್ತು: ಏಕಾದಶಿ ಆದ ಮೇಲೆ ಕಳಿಸುತ್ತೇನೆ, ಅಲ್ಲಿಯವರೆಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ. ಆದರೆ ಬಾಣಂತಿಗೆ ಇಲ್ಲವೆನ್ನುವುದು ಹೇಗೆ? ಬತ್ತಿ ಮಾರಿ ಪಂಢರಪುರಕ್ಕೆ ಹೋಗುವುದು ಹೆರಿಗೆಮನೆಗಿಂತ ದೊಡ್ಡದೇ ಎಂದು ವಿಠ್ಠಲ ಕೇಳಿದರೆ? ಅವಳ ಬದಲು ತಾನೇ ಹೋಗೋಣವೆಂದರೆ ಇದ್ದಷ್ಟು ರಜೆಯೂ ಅಧಿಕಮಾಸದಲ್ಲಿ ತೀರಿತ್ತು. ಯೋಚಿಸುತ್ತ ಕೂತ ಅಷ್ಟರಲ್ಲಿ ಸಕ್ಕೂಬಾಯಿ ಎದ್ದು ಒಳಗೆ ಹೋಗಿ ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿದಳು.

ಮಿಶನ್ನು ಅವಳ ಕೈ ಬಿಡಿಸಿತ್ತು, ಇನ್ನೊಂದು ಮನೆಗೆ ಕೊಡುವುದಕ್ಕೆ. ಚೌತಿಗೇ ತಂದಿದ್ದರೆ ಲಕ್ಷ ಬತ್ತಿ ಮುಗಿದು, ತಿಕೀಟು ತೆಗೆಸಿ ಆಗಿರುತ್ತಿತ್ತು. ತಿಕೀಟು ತೆಗೆಸಿದವಳನ್ನು ವಿಠ್ಠಲನೂ ಎಳೆದೊಯ್ಯುತ್ತಿರಲಿಲ್ಲ. ಹೀಗೆ ಇಂದೂಬಾಯಿ ಆ ವಾರವೆಲ್ಲ, ಟ್ರಂಕ್ ಬೋರ್ಡು ಹೋದ ಮೇಲೆ ತನ್ನನ್ನು ಹಾಕಿದ್ದ ಟೆಲಿಫೋನ್ ಬಿಲ್ಲಿನ ಕೌಂಟರಿನಲ್ಲಿ ಕೂತು, ಹಿಂದಕ್ಕೆ ಹಿಂದಕ್ಕೆ ಎಣಿಸಿದಳು.

ಏಕಾದಶಿಯ ಹಿಂದಿನ ಆದಿತ್ಯವಾರ ಅವಳು ಕಮಲಾಪುರಕ್ಕೆ ಹೋದಳು. ತನ್ನ ರೊಕ್ಕವಾದರೂ ಆಗಲಿ, ಸಾಲವೆಂದಾದರೂ ಒಪ್ಪಿಸಿ, ಅಂದೇ ಬಸ್ಸು ಹತ್ತಿಸಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ದಾರಿಯಲ್ಲಿ ಹುಮನಾಬಾದ್ ಕಡೆಯಿಂದ ಪಂಢರಪುರಕ್ಕೆ ಹೊರಟ ಜೀಪುಗಳಿಗೆ ಕೇಸರಿ ಬಾವುಟ ಕಟ್ಟಿದ್ದರು. ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ತಾಳ ಹಿಡಿದ ಹೆಂಗಸರ ಗುಂಪೊಂದು ಕೆಂಪು ಬಾಳೆಹಣ್ಣು ಕೊಳ್ಳುತ್ತಿತ್ತು. ಅವರ ಚೀಲಗಳಲ್ಲಿ ಸೌಟು ಇದೆಯೋ ಎಂದು ಇಂದೂಬಾಯಿ ಕಾರಣವಿಲ್ಲದೆ ನೋಡಿದಳು.

ವಿಠ್ಠಲನ ಮನೆಯ ಹಿತ್ತಿಲಿನಲ್ಲಿ ಕೈಪಂಪು. ಅದರ ಮುಂದೆ ಸಕ್ಕೂಬಾಯಿ ಕೂಸಿನ ದುಪಟಿಗಳನ್ನು, ಬಾಣಂತಿಯ ಬಟ್ಟೆಗಳನ್ನು ಹಾಕಿಕೊಂಡು ಕೂತಿದ್ದಳು. ಬೆರಳುಗಳಿಗೆ ಮತ್ತೆ ಚಿಂದಿ. ಇಂದೂಬಾಯಿಯನ್ನು ನೋಡಿ ನಿಜವಾಗಿ ಸಂತೋಷಪಟ್ಟಳು. ಬಸ್ಸಿನ ಮಾತು ತೆಗೆದಾಗ ಮಾತ್ರ ಒಳಗಿನ ಕೋಣೆಯ ಕಡೆ ಗದ್ದ ತೋರಿಸಿದಳು. ಕೂಸಿಗೆ ಕಾಮಾಲೆ, ಸರಿಯಾಗಿ ಹಾಲು ಕುಡಿಯುತ್ತಿಲ್ಲ, ಬಾಣಂತಿಗೆ ಜ್ವರ ಬಿಟ್ಟು ಎರಡೇ ದಿನವಾಯಿತು. ಇಂಥದರಲ್ಲಿ ಎದ್ದು ಹೋದರೆ ವಿಠೋಬ ಮುಖ ತಿರುವಿಯಾನು ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಮುಂದಿನ ವರ್ಷ ನೋಡೋಣ ಎಂದೂ ಅವಳೇ ಅಂದಳು. ಕಾಯುವುದನ್ನು ಆ ಮನೆಯಲ್ಲಿ ಅವಳಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಆಮೇಲೆ ಮಿಶನ್ನಿನ ಯೋಗಕ್ಷೇಮ ಕೇಳಿದಳು. ಮಡಿ ಬಟ್ಟೆ ಹಾಕಿಲ್ಲ ತಾನೆ, ಪೈಪು ಸೋರುತ್ತಿತ್ತಲ್ಲ, ಸರಿ ಮಾಡಿಸಿದಿರಾ. ಒಂದು ದುಪಟಿ ಹಿಂಡಿ ಪಕ್ಕಕ್ಕಿಟ್ಟು, ಏನೋ ನೆನಪಾದವಳಂತೆ ಕೇಳಿದಳು:

"ಖರೆ, ಕೇಳೋದೇ ಮರ್ತಿದ್ದೆ. ಚೌತಿಗೆ ತರಲಾರ್ದ ದಸರಾಕ್ಕ ತಂದದ್ದಕ್ಕ ಎಷ್ಟು ಉಳೀತು ಇಂದೂ?"

ಅವಳು ಹಂಗಿಸಲು ಕೇಳಲಿಲ್ಲ. ಓಣಿಯವರೆಲ್ಲ ಕೇಳಿ ತಿಳಿದದ್ದನ್ನು ತಾನೂ ತಿಳಿದು, ತಮ್ಮನ ಹೆಂಡತಿಯ ಜಾಣತನಕ್ಕೆ ಹೆಮ್ಮೆಪಡಬೇಕೆಂದು ಕೇಳಿದಳು. ಅದೇ ಇಂದೂಬಾಯಿಗೆ ತಡೆಯಲಾಗಲಿಲ್ಲ. ದಸರೆಯಿಂದ ಈಚೆ ಎಷ್ಟು ಜನಕ್ಕೆ ಹೇಳಿದ್ದಳೋ ಆ ಮೊತ್ತವನ್ನು. ಈಗ ಅದನ್ನು ಬಿಟ್ಟು, ಪೈಪು ಸರಿ ಮಾಡಿಸಿದೆವು ಎಂದಳು. ಸಕ್ಕೂಬಾಯಿಯೇ, ಹೋಗಲಿ, ಉಳಿಯಿತಲ್ಲ, ಅಷ್ಟು ಸಾಕು ಎಂದಳು.

ಒಳಗೆ ಕೂಸು ಅತ್ತಿತು. ಸಕ್ಕೂಬಾಯಿ ಸೆರಗಿಗೆ ಕೈ ಒರೆಸುತ್ತ ಎದ್ದು ಹೋದಳು. ಇಂದೂಬಾಯಿ ಸೀರೆ ಮೇಲಕ್ಕೆ ಸಿಕ್ಕಿಸಿ ಆ ಕಲ್ಲಿನ ಮುಂದೆ ಕೂತಳು, ಬಳೆ ಹಿಂದಕ್ಕೆ ಸರಿಸಿ ಬಕೆಟ್ಟಿಗೆ ಕೈ ಹಾಕಿದಳು. ಕಾರ್ತಿಕದ ನೀರು ತಣ್ಣಗಿತ್ತು. ಒಂದು ದುಪಟಿ ಹಿಂಡಿದಳು, ನೀರು ಮೊಣಕೈಗೆ ಹರಿದು ಮಡಿಲು ನೆನೆಯಿತು. ಇನ್ನೊಂದು ಹಿಂಡಿದಳು. ಮೂರನೆಯದಕ್ಕೆ ಬೆರಳ ಸಂದು ಉರಿಯತೊಡಗಿತು. ರಸ್ತೆಯ ಕಡೆ ಬಸ್ಸೊಂದು ಹಾರ್ನ್ ಹೊಡೆಯುತ್ತ ಕಲಬುರಗಿಯತ್ತ ಹೋಯಿತು, ಅದರೊಳಗಿನಿಂದ ತಾಳದ ಸದ್ದು ಕೇಳಿ ಮರೆಯಾಯಿತು.

ಕೂಸನ್ನು ಹೆಗಲಿಗೆ ಹಾಕಿಕೊಂಡು ಸಕ್ಕೂಬಾಯಿ ಬಾಗಿಲಿಗೆ ಬಂದಳು. ಇಂದೂಬಾಯಿ ಹಿಂಡುವುದನ್ನು ನೋಡಿದಳು.

"ಹಂಗಲ್ಲ ಅದು, ನೀರು ಹಂಗೇ ಉಳೀತದ," ಎಂದಳು. "ಏಳು, ನಿನ್ನ ಬಸ್ಸಿನ ಹೊತ್ತಾತು. ಸೀರಿ ಎಲ್ಲ ತೋಯ್ಸಿಕೊಂಡಿ. ನಾಳಿ ಡ್ಯೂಟಿ ಅದ ನಿನಗ."